ಚಿತ್ರಗಳಲ್ಲಿ ಊರು ಬದಲಾಗಿದ್ದು ಕಂಡಿತು, ಬದಲಾಯಿಸಿದವರು ಯಾರು ಅಂತ ಕಾಣಲಿಲ್ಲ

ಮೊಗಸಾಲೆ
ಎಲ್ಲರಿಗೂ ನಮಸ್ಕಾರ. ಒಂದು ನಗರ ಮುನ್ನೂರು ವರ್ಷಗಳಲ್ಲಿ ಹೇಗೆ ಬದಲಾಯಿತು ಅನ್ನೋದನ್ನು ಬರೀ ಚಿತ್ರಗಳ ಮೂಲಕ ಹೇಳುವ ಪ್ರದರ್ಶನ ನೋಡಿ ಬಂದೆ. ಯಾವ ಮ್ಯೂಸಿಯಂ ಅನ್ನೋದು ಮುಖ್ಯ ಅಲ್ಲ, ಇಂಥ ಪ್ರದರ್ಶನಗಳ ಅಚ್ಚು ಹೆಚ್ಚುಕಡಿಮೆ ಎಲ್ಲ ಕಡೆ ಒಂದೇ. ಮೊದಲ ಕೋಣೆಯಲ್ಲಿ ನದಿ, ಹಾಯಿದೋಣಿ, ದೂರದಲ್ಲಿ ಗೋಪುರ. ಮುಂದಿನದರಲ್ಲಿ ಸೇತುವೆ, ರೈಲು, ಹೊಗೆ. ಕೊನೆಯದರಲ್ಲಿ ಗಾಜಿನ ಕಟ್ಟಡ.

ಚಿತ್ರಗಳು ಒಂದಕ್ಕಿಂತ ಒಂದು ಚೆನ್ನಾಗಿದ್ದವು. ಬೇಸರ ಆಗಿದ್ದು ಬೇರೆ ಕಾರಣಕ್ಕೆ. ಒಂದು ಚಿತ್ರದಲ್ಲಿದ್ದ ಬೀದಿ ಪಕ್ಕದ ಚಿತ್ರದಲ್ಲಿ ಇಲ್ಲ. ಎರಡರ ನಡುವೆ ಒಂದು ಮೊಳ ಖಾಲಿ ಗೋಡೆ. ಆ ಒಂದು ಮೊಳದಲ್ಲಿ ಮನೆಗಳನ್ನು ಕೆಡವಿದ್ದಾರೆ, ಜನರನ್ನು ಎಬ್ಬಿಸಿದ್ದಾರೆ, ಯಾರೋ ದುಡ್ಡು ಮಾಡಿಕೊಂಡಿದ್ದಾರೆ. ಅದರ ಬಗ್ಗೆ ಒಂದು ಸಾಲೂ ಇಲ್ಲ. ಹೆಸರು, ಇಸವಿ, ಅಳತೆ, ದಾನ ಕೊಟ್ಟವರು ಯಾರು, ಅಷ್ಟೇ.

ನನ್ನ ಪ್ರಶ್ನೆ ಇಷ್ಟು. ಚಿತ್ರಗಳನ್ನು ನಂಬಿ ನಗರದ ಕಥೆ ಹೇಳೋಕೆ ಆಗುತ್ತಾ? ಅಥವಾ ಚಿತ್ರದಲ್ಲಿ ಕಾಣೋದು ದುಡ್ಡು ಕೊಟ್ಟವರು ನೋಡಬಯಸಿದ ನಗರ ಮಾತ್ರನಾ?

ನಕ್ಷೆಗಾರ
ಧಾರಾಳವಾಗಿ ನಂಬಬಹುದು. ವಾರ್ಸಾ ನೋಡಿ. 1944ರಲ್ಲಿ ಜರ್ಮನ್ ಸೇನೆ ಆ ನಗರವನ್ನು ಬೀದಿ ಬೀದಿಯಾಗಿ ಸುಟ್ಟು ಸ್ಫೋಟಿಸಿ ನೆಲಸಮ ಮಾಡಿತು. ಯುದ್ಧ ಮುಗಿದ ಮೇಲೆ ಪೋಲೆಂಡಿನವರು ಹಳೆ ಪಟ್ಟಣವನ್ನು ಮತ್ತೆ ಕಟ್ಟಲು ಹೊರಟಾಗ ಬರ್ನಾರ್ಡೊ ಬೆಲ್ಲೊಟ್ಟೊ ಬಿಡಿಸಿದ್ದ ಚಿತ್ರಗಳನ್ನು ಎದುರಿಗಿಟ್ಟುಕೊಂಡರು. ಅವನು 1768ರಿಂದ ರಾಜ ಸ್ತಾನಿಸ್ವಾಫ್ ಆಗಸ್ಟನ ಆಸ್ಥಾನ ಚಿತ್ರಕಾರ, 1780ರಲ್ಲಿ ಅದೇ ಊರಲ್ಲಿ ತೀರಿಕೊಂಡ. ಎಷ್ಟು ಕಿಟಕಿ, ಯಾವ ಚಾವಣಿ, ಯಾವ ಬಾಗಿಲ ಮೇಲೆ ಯಾವ ಕೆತ್ತನೆ, ಎಲ್ಲ ಬಿಡಿಸಿಟ್ಟಿದ್ದ. ಹಾಗೆ ಮತ್ತೆ ಎದ್ದು ನಿಂತ ಹಳೆ ಪಟ್ಟಣ 1980ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತು.

ನಂಬಿಕೆಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಾ?

ಸುಮ್ನೆ_ಓದುವವ
ಬೆಲ್ಲೊಟ್ಟೊನಾ, ಕಾನಲೆಟ್ಟೊನಾ? ವಾರ್ಸಾ ಅಂದ್ರೆ ಕಾನಲೆಟ್ಟೊ ಅಂತ ಎಲ್ಲೋ ಓದಿದ ನೆನಪು.

ನಕ್ಷೆಗಾರ
ಇಬ್ಬರು ಬೇರೆ. ವೆನಿಸ್‌ನ ಕಾನಲೆಟ್ಟೊ ಸೋದರಮಾವ, ಬೆಲ್ಲೊಟ್ಟೊ ಅಳಿಯ. ಮಾವನ ಹೆಸರಿಗೆ ಯೂರೋಪಿನಲ್ಲಿ ಬೆಲೆ ಇತ್ತು, ಅಳಿಯ ಅದನ್ನೇ ತಾನೂ ಇಟ್ಟುಕೊಂಡ. ವಾರ್ಸಾ ಅರಮನೆಯಲ್ಲಿ ಈ ಚಿತ್ರಗಳಿರುವ ಕೋಣೆಗೂ ಕಾನಲೆಟ್ಟೊ ಕೋಣೆ ಅಂತಲೇ ಹೆಸರು.

ಇಟ್ಟಿಗೆಗೂಡು
ನಕ್ಷೆಗಾರರೇ, ವಾರ್ಸಾ ಕಥೆ ಎಲ್ಲರೂ ಹೀಗೇ ಹೇಳ್ತಾರೆ, ಅರ್ಧ ಬಿಟ್ಟು ಹೇಳ್ತಾರೆ. ಬರೀ ಚಿತ್ರ ನೋಡಿ ಯಾರೂ ಗೋಡೆ ಎಬ್ಬಿಸಲ್ಲ. ಅಲ್ಲಿನ ತಾಂತ್ರಿಕ ವಿಶ್ವವಿದ್ಯಾಲಯದ ವಾಸ್ತುಶಿಲ್ಪ ವಿಭಾಗದವರು ಯುದ್ಧಕ್ಕೆ ಮೊದಲೇ ಹಳೆ ಕಟ್ಟಡಗಳನ್ನು ಅಳೆದು ನಕ್ಷೆ ಮಾಡಿದ್ದರು. ಆ ಕಾಗದಗಳನ್ನು ಜೀವ ಪಣಕ್ಕಿಟ್ಟು ನಗರದಿಂದ ಹೊರಗೆ ಸಾಗಿಸಿ ಬಚ್ಚಿಟ್ಟರು. ಕೆಲಸ ನಡೆದದ್ದು ಮುಖ್ಯವಾಗಿ ಆ ಅಳತೆಗಳ ಮೇಲೆ. ಬೆಲ್ಲೊಟ್ಟೊ ಚಿತ್ರ ಅದಕ್ಕೆ ಜೊತೆಗೂಡಿತು.

ಇನ್ನೊಂದು ಮಾತು. ಬೆಲ್ಲೊಟ್ಟೊ ಕೆಲವು ಕಡೆ ಕಟ್ಟಡವನ್ನು ಇದ್ದದ್ದಕ್ಕಿಂತ ಚೆನ್ನಾಗಿ ಬಿಡಿಸಿದ್ದ. ಅವನ ಚಿತ್ರ ನೋಡಿ ಕಟ್ಟಿದ ಕಡೆ ಆ ಅಂದವೂ ಕಲ್ಲಿನಲ್ಲಿ ಬಂದು ಕೂತಿದೆ. ಅಂದ್ರೆ ಇವತ್ತು ವಾರ್ಸಾದಲ್ಲಿ ನಿಂತಿರುವ ಕೆಲವು ಮುಂಗೋಡೆಗಳು 18ನೇ ಶತಮಾನದಲ್ಲಿ ಇದ್ದದ್ದೇ ಹಾಗಲ್ಲ.

ನಕ್ಷೆಗಾರ
ಅಳತೆ ನಕ್ಷೆಗಳ ವಿಷಯ ಸರಿ. ಆದ್ರೆ ನಕ್ಷೆಯಲ್ಲಿ ಬಣ್ಣ ಇರಲ್ಲ ಸರ್. ಬೀದಿಯಲ್ಲಿ ಬೆಳಕು ಹೇಗೆ ಬೀಳುತ್ತಿತ್ತು, ಜನ ಎಲ್ಲಿ ನಿಂತು ಮಾತಾಡುತ್ತಿದ್ದರು, ಅರಮನೆ ಎದುರಿಗೇ ಗುಡಿಸಲಿನಂಥ ಮನೆಗಳು ಹೇಗಿದ್ದವು, ಅದೆಲ್ಲ ಚಿತ್ರದಲ್ಲೇ ಇರೋದು. ಒಂದು ನಗರ ಮತ್ತೆ ತನ್ನಂತೆ ಕಾಣಬೇಕು ಅಂತ ಆಸೆಪಟ್ಟವರಿಗೆ ಅಳತೆಪಟ್ಟಿ ಒಂದೇ ಸಾಕಾಗಲ್ಲ.

ಮಳೆಹನಿ
ಮೊಗಸಾಲೆಯವರು ಕೇಳಿದ್ದು ನಂಬಿಕೆಯ ಪ್ರಶ್ನೆ ಮಾತ್ರ ಅಲ್ಲ ಅನ್ಸುತ್ತೆ. ಚಿತ್ರದಲ್ಲಿ ಇಲ್ಲದ್ದು ಏನು ಅನ್ನೋದು. ಅದಕ್ಕೆ ಪ್ಯಾರಿಸ್ ತಗೊಳ್ಳಿ.

ಗುಸ್ತಾವ್ ಕೈಬೊತ್ 1877ರಲ್ಲಿ ಬಿಡಿಸಿದ ಮಳೆಗಾಲದ ಬೀದಿಯ ದೊಡ್ಡ ಚಿತ್ರ, ಈಗ ಷಿಕಾಗೊ ಮ್ಯೂಸಿಯಂನಲ್ಲಿದೆ. ಎರಡು ಮೀಟರಿಗೂ ಜಾಸ್ತಿ ಎತ್ತರ. ನಡುವೆ ಒಂದು ಹಸಿರು ದೀಪದ ಕಂಬ ಚಿತ್ರವನ್ನು ಸೀಳಿ ನಿಂತಿದೆ. ಬಲಗಡೆ ಛತ್ರಿ ಹಿಡಿದ ಗಂಡ ಹೆಂಡತಿ ನಮ್ಮ ಮೇಲೇ ನಡೆದು ಬರುವ ಹಾಗೆ. ಹತ್ತಿರ ಹೋಗಿ ನೋಡಿದ್ರೆ ಮಳೆಯ ಒಂದು ಗೆರೆಯೂ ಇಲ್ಲ! ಮಳೆ ಇರೋದು ಕಲ್ಲುಹಾಸಿನ ಮೇಲೆ. ಒಂದೊಂದು ಕಲ್ಲಿನ ಬೆನ್ನೂ ಮಿನುಗುತ್ತೆ, ಕಲ್ಲುಗಳ ನಡುವಿನ ಸಂದಿಯಲ್ಲಿ ಕಪ್ಪು ನೀರು.

ಹಿಂದೆ ಇರುವ ಕಟ್ಟಡಗಳನ್ನು ನೋಡಿ. ಎಲ್ಲ ಒಂದೇ ಎತ್ತರ, ಒಂದೇ ಬಣ್ಣ, ತ್ರಿಕೋನದ ಮೂಲೆಗಳು. ಇವು ಬ್ಯಾರನ್ ಓಸ್ಮಾನ್‌ನ ಕಾಲದ ಪ್ಯಾರಿಸ್. 1853ರಿಂದ 1870ರವರೆಗೆ ಅಧಿಕಾರದಲ್ಲಿದ್ದು ಹಳೆ ಓಣಿಗಳನ್ನು ಸೀಳಿ ಅಗಲ ರಸ್ತೆ ಹಾಕಿಸಿದವನು. ಬಾಡಿಗೆ ಕಟ್ಟಲಾಗದ ಬಡವರು ನಗರದ ಅಂಚಿಗೆ ಹೋದರು. ಕೈಬೊತ್ ಶ್ರೀಮಂತರ ಮನೆಯ ಹುಡುಗ, ಅವನ ಮನೆ ಇದ್ದದ್ದೇ ಹೊಸ ಬಡಾವಣೆಯಲ್ಲಿ. ಅವನಿಗೆ ಕಂಡದ್ದನ್ನು ಅವನು ಬಿಡಿಸಿದ, ಅದ್ಭುತವಾಗಿ ಬಿಡಿಸಿದ. ಇದರ ಪಕ್ಕದಲ್ಲಿ ಕೆಡವಿದ ಓಣಿಯ ಒಂದು ಚಿತ್ರ ಇಡಬೇಕಾದವರು ಪ್ರದರ್ಶನ ಮಾಡುವವರು. ಆ ಓಣಿಗಳ ಚಿತ್ರ ಇವೆ, ಹುಡುಕಬೇಕಾಗಿಲ್ಲ. ಶಾರ್ಲ್ ಮಾರ್ವಿಲ್ ಅನ್ನೋ ಛಾಯಾಗ್ರಾಹಕ 1860ರ ದಶಕದಲ್ಲಿ ನಾನೂರಕ್ಕೂ ಜಾಸ್ತಿ ಫೋಟೊ ತೆಗೆದಿದ್ದಾನೆ, ಕೆಡವುವ ಮೊದಲು.

ದಾರಿಹೋಕ
ಆ ಮಾರ್ವಿಲ್‌ಗೆ ದುಡ್ಡು ಕೊಟ್ಟವರು ಯಾರು?

ಮಳೆಹನಿ
ನಗರಾಡಳಿತವೇ! ಕೆಡವುವವರೇ ದಾಖಲೆ ಮಾಡಿಸಿದರು. ಪ್ಯಾರಿಸ್ ನಗರದ ಇತಿಹಾಸ ಹೇಳುವ ಕಾರ್ನವಲೆ ಮ್ಯೂಸಿಯಂ ಇದೆಯಲ್ಲ, ಅದರ ಕಟ್ಟಡವನ್ನು ನಗರ ಕೊಂಡಿದ್ದು 1866ರಲ್ಲಿ, ಓಸ್ಮಾನ್ ಅಧಿಕಾರದಲ್ಲಿದ್ದಾಗ, ಅವನ ಒತ್ತಾಸೆಯಿಂದಲೇ. ಬಾಗಿಲು ತೆರೆದದ್ದು 1880ರಲ್ಲಿ. ಹಾಗಾಗಿ ದುಡ್ಡು ಕೊಟ್ಟವರು ಅಂದ ಕೂಡಲೆ ಸುಳ್ಳು ಅಂತ ತಳ್ಳಿಹಾಕಬೇಡಿ. ಕೊಟ್ಟವರ ಉದ್ದೇಶ ಒಂದಿರಬಹುದು, ಚಿತ್ರದಲ್ಲಿ ಉಳಿಯೋದು ಇನ್ನೊಂದು.

ಕಪ್ಪುಬಿಳುಪು
ಮಾರ್ವಿಲ್ ಹೆಸರು ಬಂದದ್ದು ಖುಷಿ. ಆದ್ರೆ ಒಂದು ಎಚ್ಚರ. ಆ ಕಾಲದ ಫೋಟೊ ನೋಡಿದವರೆಲ್ಲ ಹೇಳುವ ಮಾತು, ಎಷ್ಟು ನಿರ್ಜನ ಬೀದಿ ಅಂತ. ಬೀದಿ ನಿರ್ಜನ ಆಗಿರಬೇಕಾಗಿಲ್ಲ. ಕ್ಯಾಮೆರಾ ಕಣ್ಣು ತೆರೆದಿರುತ್ತಿದ್ದ ಹೊತ್ತು ಜಾಸ್ತಿ. ನಡೆಯುವವರು ಮಸುಕಾಗುತ್ತಿದ್ದರು, ಇಲ್ಲಾ ಪೂರ್ತಿ ಮಾಯ ಆಗುತ್ತಿದ್ದರು.

1838ರಲ್ಲಿ, ಫೋಟೊ ತೆಗೆಯುವ ವಿದ್ಯೆ ಕಂಡುಹಿಡಿದವರಲ್ಲಿ ಒಬ್ಬನಾದ ದಗೇರ್ ಪ್ಯಾರಿಸ್‌ನ ಒಂದು ದೊಡ್ಡ ಬೀದಿಯ ಚಿತ್ರ ತೆಗೆದ, ಬುಲೆವಾರ್ ದು ತಾಂಪ್ಲ್. ಹಗಲು ಹೊತ್ತು, ಗಾಡಿ ಕುದುರೆ ಓಡಾಡುವ ಬೀದಿ. ತಟ್ಟೆಯ ಮೇಲೆ ಬೆಳಕು ಬೀಳಲು ನಿಮಿಷಗಟ್ಟಲೆ ಬೇಕಿತ್ತು. ಚಲಿಸಿದ್ದೆಲ್ಲ ಅಳಿಸಿಹೋಯಿತು. ಉಳಿದದ್ದು ಎಡಗಡೆ ಕೆಳಮೂಲೆಯಲ್ಲಿ ಒಬ್ಬ ಮನುಷ್ಯ. ಒಂದು ಕಾಲು ಎತ್ತಿ ಇಟ್ಟು ಬೂಟು ಪಾಲಿಶ್ ಮಾಡಿಸಿಕೊಳ್ಳುತ್ತಿದ್ದ, ಅದಕ್ಕೆ ಅಲುಗಾಡದೆ ನಿಂತಿದ್ದ. ಪಾಲಿಶ್ ಮಾಡುವವನು ಕೈ ಆಡಿಸುತ್ತಿದ್ದ, ಅದಕ್ಕೆ ಅವನು ಬರೀ ಮಬ್ಬು.

ನಿಂತವನು ಕಾಣ್ತಾನೆ, ದುಡಿಯುವವನು ಅಳಿಸಿ ಹೋಗ್ತಾನೆ. ಇಲ್ಲಿ ಯಾರ ಪಕ್ಷಪಾತವೂ ಇಲ್ಲ, ರಾಸಾಯನಿಕದ ಮಿತಿ. ಆದ್ರೆ ಮ್ಯೂಸಿಯಂ ಗೋಡೆಯಲ್ಲಿ ಅದನ್ನು ಹೇಳದಿದ್ದರೆ ನೋಡುವವರು ಖಾಲಿ ಬೀದಿ ಅಂತಲೇ ನಂಬಿ ಮನೆಗೆ ಹೋಗ್ತಾರೆ.

ಸುಮ್ನೆ_ಓದುವವ
ಈ ಪಾಲಿಶ್ ವಿಷಯ ಓದಿ ಆ ಚಿತ್ರ ಹುಡುಕಿ ನೋಡಿದೆ. ನಿಜವಾಗಿಯೂ ಅಷ್ಟು ಚಿಕ್ಕದಾಗಿ ಇದ್ದಾನೆ. ಹೇಳದಿದ್ದರೆ ಗೊತ್ತೇ ಆಗಲ್ಲ.

ಹೊಗೆಗೂಡು
ಚಿತ್ರ ಸಾಕ್ಷಿಯಾಗುತ್ತಾ ಅನ್ನೋದಕ್ಕೆ ವಿಜ್ಞಾನಿಗಳ ಕಡೆಯಿಂದ ಒಂದು ಉದಾಹರಣೆ. 2023ರಲ್ಲಿ ಒಂದು ಅಧ್ಯಯನ ಬಂತು. ಇಂಗ್ಲೆಂಡಿನ ಟರ್ನರ್ ಮತ್ತು ಫ್ರಾನ್ಸಿನ ಮೊನೆ ಬಿಡಿಸಿದ ಸುಮಾರು ನೂರು ಚಿತ್ರಗಳನ್ನು ತಗೊಂಡು, ಅಂಚುಗಳು ಎಷ್ಟು ಸ್ಪಷ್ಟ, ಎಷ್ಟು ಮಸುಕು ಅಂತ ಲೆಕ್ಕ ಹಾಕಿದರು. ಲಂಡನ್ ಪ್ಯಾರಿಸ್‌ಗಳಲ್ಲಿ ಕಲ್ಲಿದ್ದಲ ಹೊಗೆ ಏರಿದ ಹಾಗೆ ಚಿತ್ರಗಳ ಮಸುಕೂ ಏರಿದೆ ಅಂತ ಅವರ ತೀರ್ಮಾನ. ನಾವು ಇಷ್ಟು ದಿನ ಶೈಲಿ ಅಂದುಕೊಂಡಿದ್ದರಲ್ಲಿ ಸ್ವಲ್ಪ ಭಾಗ ಬರೀ ಹೊಗೆ!

ಕುಂಚಬಣ್ಣ
ಈ ಅಧ್ಯಯನದ ಬಗ್ಗೆ ನನಗೆ ಸಮಾಧಾನ ಇಲ್ಲ. ಚಿತ್ರಕಾರ ಹವಾಮಾನ ಅಳೆಯುವ ಯಂತ್ರ ಅಲ್ಲ. ಮೊನೆ ಲಂಡನ್‌ಗೆ ಹೋದದ್ದೇ ಮಂಜು ಬಿಡಿಸೋಕೆ. 1899ರಿಂದ 1901ರವರೆಗೆ ಮೂರು ಸಲ ಹೋಗಿದ್ದ, ಸವಾಯ್ ಹೋಟೆಲಿನ ಮಹಡಿಯಿಂದ ಸೇತುವೆಗಳನ್ನು ಬಿಡಿಸಿದ. ಒಂದು ಬೆಳಿಗ್ಗೆ ಎದ್ದು ನೋಡಿದ್ರೆ ಮಂಜೇ ಇಲ್ಲ ಅಂತ ಗಾಬರಿಯಾಗಿ ಹೆಂಡತಿಗೆ ಪತ್ರ ಬರೆದಿದ್ದಾನೆ. ಆಮೇಲೆ ಒಲೆಗಳು ಹೊತ್ತಿಕೊಂಡು ಹೊಗೆ ಎದ್ದ ಮೇಲೆ ಸಮಾಧಾನ ಆಯಿತಂತೆ. ಮಸುಕು ಹುಡುಕಿಕೊಂಡು ಹೋದವನ ಚಿತ್ರದಲ್ಲಿ ಮಸುಕು ಸಿಗದೆ ಇನ್ನೇನು ಸಿಗುತ್ತೆ?

ಜೊತೆಗೆ ಅವನ ಕಣ್ಣಲ್ಲಿ ಪೊರೆ ಬೇರೆ ಇತ್ತು.

ಹೊಗೆಗೂಡು
ಪೊರೆ ಅಂತ ಡಾಕ್ಟರು ಹೇಳಿದ್ದು 1912ರಲ್ಲಿ. ಲಂಡನ್ ಚಿತ್ರಗಳನ್ನು ಶುರುಮಾಡಿ ಹತ್ತು ವರ್ಷದ ಮೇಲಾಗಿತ್ತು. ಪೊರೆಯ ಕಾರಣ ಇಲ್ಲಿಗೆ ಒಗ್ಗಲ್ಲ.

ಇನ್ನು ನೀವೇ ಕೊಟ್ಟ ಪತ್ರ ನನ್ನ ಮಾತಿಗೇ ಬಲ ಕೊಡುತ್ತೆ. ಒಲೆ ಹೊತ್ತಿದ ಮೇಲೆ ಮಂಜು ಬಂತು ಅಂತ ಅವನೇ ಬರೆದ ಮೇಲೆ ಅದು ಬರೀ ಹವಾಮಾನ ಅಲ್ಲ, ಮನೆಮನೆಯ ಕಲ್ಲಿದ್ದಲು ಅಂತಾಯಿತಲ್ಲ. ಅದೇ ಗಾಳಿ 1952ರ ಡಿಸೆಂಬರಿನಲ್ಲಿ ಸಾವಿರಾರು ಜನರನ್ನು ಕೊಂದಿತು. ಸ್ವಚ್ಛ ಗಾಳಿಯ ಕಾನೂನು ಬಂದದ್ದು 1956ರಲ್ಲಿ. ಮೊನೆಯ ನೇರಳೆ ಬಣ್ಣದ ಸೇತುವೆಯ ಕೆಳಗೆ ಈ ಎರಡು ಇಸವಿ ಬರೆದಿಟ್ಟರೆ ಚಿತ್ರ ಹಾಳಾಗುತ್ತಾ? ನನ್ನ ಪ್ರಕಾರ ಇನ್ನೂ ದೊಡ್ಡದಾಗುತ್ತೆ.

ಕುಂಚಬಣ್ಣ
ಇಸವಿ ಬರೆಯಿರಿ, ಬೇಡ ಅನ್ನಲ್ಲ. ಆದ್ರೆ ನೋಡುವವರು ಬಣ್ಣ ನೋಡೋದು ಬಿಟ್ಟು ಫಲಕ ಓದಿ ಮುಂದೆ ಹೋಗೋ ಹಾಗೆ ಆಗಬಾರದು. ನಾನು ಚಿತ್ರ ಬಿಡಿಸುವವಳು. ಒಂದು ಬೂದು ಬಣ್ಣ ಕೂಡಿಸೋಕೆ ಎಷ್ಟು ಹೊತ್ತು ಹಿಡಿಯುತ್ತೆ ಅಂತ ಗೊತ್ತು. ಆ ಶ್ರಮವನ್ನು ಮಾಲಿನ್ಯದ ಪಟ್ಟಿ ಮಾಡಿ ಓದಿದರೆ ನೋವಾಗುತ್ತೆ.

ನಕ್ಷೆಗಾರ
ವೆನಿಸ್‌ನಲ್ಲೂ ಇಂಥದ್ದೇ ಆಗಿದೆ. ಕಾನಲೆಟ್ಟೊ ಮತ್ತು ಬೆಲ್ಲೊಟ್ಟೊ ಇಬ್ಬರೂ ಕಾಲುವೆ ಪಕ್ಕದ ಗೋಡೆಗಳ ಮೇಲೆ ಪಾಚಿಯ ಹಸಿರು ಗೆರೆಯನ್ನೂ ಬಿಡದೆ ಬಿಡಿಸಿದ್ದಾರೆ. ಭರತದ ನೀರು ಎಲ್ಲಿವರೆಗೆ ಏರುತ್ತೋ ಅಲ್ಲಿವರೆಗೆ ಪಾಚಿ. ಇಟಲಿಯ ಸಂಶೋಧಕರು ಅವೇ ಗೋಡೆಗಳ ಮೇಲೆ ಇವತ್ತಿನ ಪಾಚಿ ಗೆರೆ ಅಳೆದು ಹೋಲಿಸಿದರು. ಆ ಕಾಲದಿಂದ ಈಚೆಗೆ ಸುಮಾರು 60 ಸೆಂಟಿಮೀಟರ್ ಮೇಲೆ ಬಂದಿದೆ ಅಂತ ಗೊತ್ತಾಯಿತು. ನೆಲ ಕುಸಿದದ್ದು, ಸಮುದ್ರ ಏರಿದ್ದು ಎರಡೂ ಸೇರಿ.

ಇದೇ ಕಾನಲೆಟ್ಟೊ ದೃಶ್ಯ ಚೆಂದ ಕಾಣಲಿ ಅಂತ ಕಟ್ಟಡಗಳನ್ನು ಅತ್ತಿತ್ತ ಸರಿಸುತ್ತಿದ್ದ, ಅದೂ ನಿಜ. ಚರ್ಚನ್ನು ಸರಿಸಿದವನು ಪಾಚಿಯನ್ನು ಸರಿಸಲಿಲ್ಲ. ಪಾಚಿಯ ಬಗ್ಗೆ ಅವನಿಗೆ ಹೇಳಬೇಕಾದ್ದೇನೂ ಇರಲಿಲ್ಲವಲ್ಲ. ಚಿತ್ರಕಾರ ಗಮನ ಕೊಡದೆ ಬಿಡಿಸಿದ ಮೂಲೆಗಳಲ್ಲೇ ನಿಜ ಜಾಸ್ತಿ ಸಿಗೋದು.

ಗೋಡೆಗಡಿಯಾರ
ಗಮನ ಕೊಡದೆ ಅನ್ನಬೇಡಿ, ಗಮನ ಕೊಟ್ಟೇ ಬಿಡಿಸಿದ್ದಕ್ಕೆ ಒಂದು ಉದಾಹರಣೆ ಕೊಡ್ತೀನಿ. ಡಚ್ ಚಿತ್ರಕಾರ ವರ್ಮೀರ್ ಬಿಡಿಸಿದ ಡೆಲ್ಫ್ಟ್ ನಗರದ ನೋಟ. ನಡುವೆ ಬಿಸಿಲು ಬಿದ್ದ ಗೋಪುರ ಇದೆ, ನೂವೆ ಕೆರ್ಕ್ ಚರ್ಚಿನದು. ಗಂಟೆ ಇರಬೇಕಾದ ಜಾಗದಲ್ಲಿ ಆಚೆಯ ಆಕಾಶ ಕಾಣುತ್ತೆ. 1660ರ ಸುಮಾರಿಗೆ ಅಲ್ಲಿ ಹೊಸ ಗಂಟೆಗಳನ್ನು ಕೂರಿಸುತ್ತಿದ್ದರು. ಚಿತ್ರ ಯಾವ ಕಾಲದ್ದು ಅಂತ ವಿದ್ವಾಂಸರು ಊಹಿಸಲು ಈ ಖಾಲಿ ಗೋಪುರವೂ ಒಂದು ಆಧಾರ.

ಅದಕ್ಕೆ ಆರೇಳು ವರ್ಷ ಮೊದಲು, 1654ರ ಅಕ್ಟೋಬರಿನಲ್ಲಿ, ಅದೇ ಊರಿನ ಮದ್ದಿನ ಮನೆ ಸಿಡಿದು ಒಂದು ಭಾಗವೇ ನಾಶ ಆಗಿತ್ತು. ಕರೆಲ್ ಫಬ್ರಿಟಿಯಸ್ ಅನ್ನೋ ದೊಡ್ಡ ಚಿತ್ರಕಾರ ಸತ್ತದ್ದು ಅದರಲ್ಲೇ. ಇನ್ನೊಬ್ಬ ಚಿತ್ರಕಾರ, ಎಗ್ಬರ್ಟ್ ಫಾನ್ ಡರ್ ಪೂಲ್, ಆ ಅವಶೇಷಗಳನ್ನು ಮತ್ತೆ ಮತ್ತೆ ಬಿಡಿಸಿದ. ವರ್ಮೀರನ ಚಿತ್ರದಲ್ಲಿ ಅದರ ಸುಳಿವಿಲ್ಲ. ಶಾಂತ ನೀರು, ತೊಳೆದಿಟ್ಟಂಥ ಬೆಳಕು. ಎರಡನ್ನೂ ಒಂದೇ ಗೋಡೆಯಲ್ಲಿ ತೂಗುಹಾಕಿದರೆ ಮೊಗಸಾಲೆಯವರು ಹೇಳಿದ ಒಂದು ಮೊಳ ಜಾಗ ತುಂಬುತ್ತೆ.

ಮೊಗಸಾಲೆ
ಇದೇ ನನಗೆ ಬೇಕಾಗಿದ್ದದ್ದು! ಇಬ್ಬರು ಚಿತ್ರಕಾರರು, ಒಂದೇ ಊರು, ಒಬ್ಬನಿಗೆ ಗಾಯ ಕಂಡಿತು, ಒಬ್ಬನಿಗೆ ಬೆಳಕು. ನಾನು ನೋಡಿದ ಕಡೆ ಒಂದು ಕಾಲಕ್ಕೆ ಒಂದೇ ಚಿತ್ರ ಇಟ್ಟಿದ್ದರು. ಅಲ್ಲೇ ಎಡವಟ್ಟಾಗಿರೋದು ಅನ್ಸುತ್ತೆ.

ದಾರಿಹೋಕ
ದುಡ್ಡಿನ ವಿಷಯಕ್ಕೆ ವಾಪಸ್ ಬರೋಣ. ಇಟಲಿಯ ಸಿಯೆನಾ ನಗರದ ಪುರಭವನದಲ್ಲಿ ಲೊರೆಂಜೆಟ್ಟಿ ಬಿಡಿಸಿದ ಗೋಡೆಚಿತ್ರಗಳಿವೆ, 1338–39ರವು. ಒಂದು ಗೋಡೆಯಲ್ಲಿ ಒಳ್ಳೆ ಆಡಳಿತ ಇದ್ದರೆ ನಗರ ಹೇಗಿರುತ್ತೆ ಅಂತ. ಅಂಗಡಿ, ನೃತ್ಯ, ಕತ್ತೆ ಮೇಲೆ ಸರಕು, ಮೇಲೆ ಅಟ್ಟಣಿಗೆ ಕಟ್ಟಿಕೊಂಡು ಮನೆ ಕಟ್ಟುತ್ತಿರುವ ಗಾರೆ ಕೆಲಸದವರು. ಎದುರು ಗೋಡೆಯಲ್ಲಿ ಕೆಟ್ಟ ಆಡಳಿತದ ನಗರ. ಮನೆಗಳು ಮುರಿದಿವೆ, ಕೆಲಸ ನಡೆಯುತ್ತಿರುವುದು ಆಯುಧ ಮಾಡುವವನ ಅಂಗಡಿಯಲ್ಲಿ ಮಾತ್ರ.

ಬರೆಸಿದವರು ಯಾರು? ನಗರ ಆಳುತ್ತಿದ್ದ ಒಂಬತ್ತು ಜನರ ಮಂಡಳಿ. ಅವರು ಸಭೆ ಸೇರುತ್ತಿದ್ದದ್ದೇ ಆ ಕೋಣೆಯಲ್ಲಿ. ನಮ್ಮ ಆಡಳಿತ ಎಷ್ಟು ಚೆನ್ನಾಗಿದೆ ನೋಡಿ ಅಂತ ಜಾಹೀರಾತು, ಸರಿ. ಆದ್ರೆ ತಪ್ಪಿದರೆ ಏನಾಗುತ್ತೆ ಅನ್ನೋದನ್ನೂ ಅವರ ಕಣ್ಣೆದುರಿಗೇ ಬಿಡಿಸಿದ್ದ. 1348ರಲ್ಲಿ ಪ್ಲೇಗ್ ಬಂತು, ಊರಿನ ಬಹುಪಾಲು ಜನ ಹೋದರು, ಲೊರೆಂಜೆಟ್ಟಿಯೂ ಅದರಲ್ಲೇ ಸತ್ತಿರಬೇಕು ಅಂತಾರೆ.

ಇಟ್ಟಿಗೆಗೂಡು
ನಗರದ ಚಿತ್ರದಲ್ಲಿ ಗಾರೆ ಕೆಲಸದವರು ಕಾಣೋದು ಎಷ್ಟು ಅಪರೂಪ ಗಮನಿಸಿದ್ದೀರಾ? ಕಟ್ಟಡ ಇರುತ್ತೆ, ಕಟ್ಟಿದವರು ಇರಲ್ಲ. ಕಟ್ಟಡದ ಕೆಲಸದಲ್ಲೇ ಇರೋದರಿಂದ ನನಗೆ ಇದು ಕಣ್ಣಿಗೆ ಹೊಡೆಯುತ್ತೆ. ಇಟಲಿಯ ಚಿತ್ರಕಾರ ಬೊಚ್ಚೋನಿ 1910ರಲ್ಲಿ ಮಿಲಾನ್‌ನ ಹೊರವಲಯದಲ್ಲಿ ಏಳುತ್ತಿದ್ದ ಕಟ್ಟಡಗಳನ್ನು ಬಿಡಿಸಿದಾಗ ಮುಂದೆ ನಿಲ್ಲಿಸಿದ್ದು ಕುದುರೆ ಮತ್ತು ಅದನ್ನು ಎಳೆದು ಹಿಡಿಯುವ ಕೂಲಿಯವರನ್ನು. ಕಟ್ಟಡ ಹಿಂದೆ ಸರಿದಿದೆ. ಅಂಥವು ಇನ್ನೂ ಬೇಕು.

ಅಲೆಅಲೆ
ಯೂರೋಪ್ ಬಿಟ್ಟು ಹೊರಗೆ ಬನ್ನಿ ಸ್ವಲ್ಪ! ಎಡೊ ನಗರ, ಅಂದ್ರೆ ಈಗಿನ ಟೋಕಿಯೊ. 1855ರ ನವೆಂಬರಿನಲ್ಲಿ ದೊಡ್ಡ ಭೂಕಂಪ, ಅದರ ಬೆನ್ನಿಗೇ ಬೆಂಕಿ. ಮುಂದಿನ ವರ್ಷವೇ ಹಿರೋಶಿಗೆ ಅನ್ನೋ ಚಿತ್ರಕಾರ ಆ ನಗರದ ಪ್ರಸಿದ್ಧ ಜಾಗಗಳ ಮರದಚ್ಚಿನ ಚಿತ್ರಮಾಲೆ ಶುರುಮಾಡಿದ. 1858ರವರೆಗೆ, ಅಂದ್ರೆ ಅವನು ಸಾಯುವವರೆಗೆ, ನೂರಕ್ಕೂ ಜಾಸ್ತಿ ಚಿತ್ರ ಬಂದವು. ಎಲ್ಲೂ ಒಂದು ಮುರಿದ ಮನೆ ಇಲ್ಲ. ಅದನ್ನು ನೋಡಿ ಇವನು ಕಣ್ಣು ಮುಚ್ಚಿಕೊಂಡ ಅನ್ನಬಹುದು.

ಆದ್ರೆ ಅಸಾಕುಸಾ ದೇಗುಲದ ಹಿಮದ ಚಿತ್ರ ನೋಡಿ. ದೊಡ್ಡ ಕೆಂಪು ಲಾಂದ್ರ, ಬಿಳಿ ಹಿಮ, ಹಿಂದೆ ಕೆಂಪು ಗೋಪುರ. ಆ ಗೋಪುರದ ತುದಿಯ ಉಂಗುರಗಳ ಕಂಬ ಭೂಕಂಪದಲ್ಲಿ ಬಾಗಿತ್ತು. ಚಿತ್ರದಲ್ಲಿ ನೆಟ್ಟಗೆ ನಿಂತಿದೆ, ಯಾಕಂದ್ರೆ ಆ ಹೊತ್ತಿಗೆ ರಿಪೇರಿ ಆಗಿತ್ತು. ಆಗಿನ ಎಡೊ ಜನ ಅದನ್ನು ನೋಡಿದ ಕೂಡಲೆ ಅರ್ಥಮಾಡಿಕೊಂಡಿರುತ್ತಾರೆ. ನಮ್ಮ ಗೋಪುರ ಸರಿಹೋಯಿತು ಅಂತ. ಅದು ಮರೆಮಾಚಿದ್ದಲ್ಲ, ಸುದ್ದಿ. ನಮಗೆ ಹಿನ್ನೆಲೆ ಗೊತ್ತಿಲ್ಲದೆ ಅದು ಬರೀ ಹಿಮದ ಚಿತ್ರವಾಗಿ ಕಾಣುತ್ತೆ.

ಗೋಡೆಗಡಿಯಾರ
ಇದು ಗೊತ್ತಿರಲಿಲ್ಲ, ತುಂಬ ಚೆನ್ನಾಗಿದೆ. ವ್ಯಾನ್ ಗೋ ಎಣ್ಣೆಬಣ್ಣದಲ್ಲಿ ನಕಲು ಮಾಡಿದ ಸೇತುವೆ ಮಳೆ ಚಿತ್ರ ಇದೇ ಮಾಲೆಯದ್ದಾ?

ಅಲೆಅಲೆ
ಹೌದು, ಶಿನ್ ಒಹಾಶಿ ಸೇತುವೆಯ ಮೇಲೆ ದಿಢೀರ್ ಮಳೆ, 1857ರದ್ದು. ವ್ಯಾನ್ ಗೋ ನಕಲು ಮಾಡಿದ್ದು 1887ರಲ್ಲಿ. ಮುಂದಿನ ಪೀಳಿಗೆಯ ಕಿಯೊಚಿಕಾನನ್ನೂ ನೋಡಿ. ಎಡೊ ಹೆಸರು ಬದಲಾಗಿ ಟೋಕಿಯೊ ಆದ ಮೇಲೆ, 1876ರಿಂದ, ಗ್ಯಾಸ್ ದೀಪ, ಕಿಟಕಿಯ ಬೆಳಕು, ಕತ್ತಲೆಯಲ್ಲಿ ನೆರಳುಗಳಂತೆ ನಿಂತ ಜನ, ಅದೇ ಮರದಚ್ಚಿನಲ್ಲಿ. ಇಬ್ಬರನ್ನೂ ಅಕ್ಕಪಕ್ಕ ಇಟ್ಟರೆ ರಾತ್ರಿಯೇ ಬದಲಾದದ್ದು ಗೊತ್ತಾಗುತ್ತೆ.

ಹಗಲುವೇಷ
ನಮ್ಮ ದೇಶದ್ದು ಒಂದೂ ಬರಲಿಲ್ಲವಲ್ಲ. ಮುಂಬೈಯ ಸುಧೀರ್ ಪಟವರ್ಧನ್ ವೃತ್ತಿಯಲ್ಲಿ ಎಕ್ಸ್‌ರೇ ಡಾಕ್ಟರಾಗಿದ್ದವರು. ದಶಕಗಳಿಂದ ಬಿಡಿಸುತ್ತಿರೋದು ದುಡಿಯುವ ಜನರನ್ನು. 1982ರ ಜನವರಿಯಲ್ಲಿ ಶುರುವಾದ ಬಟ್ಟೆ ಗಿರಣಿ ಮುಷ್ಕರದಲ್ಲಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರಿದ್ದರು. ಬಹಳಷ್ಟು ಗಿರಣಿ ಮತ್ತೆ ಏಳಲೇ ಇಲ್ಲ. ಆ ಜಾಗದಲ್ಲಿ ಆಮೇಲೆ ಮಾಲು, ಆಫೀಸು, ಗಗನಚುಂಬಿ ಕಟ್ಟಡ. ಪಟವರ್ಧನ್ 2001ರಲ್ಲಿ ಗಿರಣಿಗಳಿದ್ದ ಲೋವರ್ ಪರೇಲ್ ಬಡಾವಣೆಯನ್ನು ಬಿಡಿಸಿದ್ದು ಆ ಬದಲಾವಣೆ ನಡೆಯುತ್ತಿದ್ದ ಹೊತ್ತಿನಲ್ಲೇ.

ಮೊಗಸಾಲೆಯವರ ಪ್ರಶ್ನೆಗೆ ನನ್ನ ಉತ್ತರ, ಚಿತ್ರಕಾರ ಎಲ್ಲಿ ನಿಂತು ನೋಡ್ತಾನೆ ಅನ್ನೋದೇ ಎಲ್ಲ. 1786–88ರಲ್ಲಿ ಇಂಗ್ಲಿಷ್ ಚಿತ್ರಕಾರ ಥಾಮಸ್ ಡೇನಿಯಲ್ ಕಲ್ಕತ್ತೆಯ ಹನ್ನೆರಡು ಚಿತ್ರ ಮಾಡಿದ. ಬಿಳಿ ಕಂಬಗಳ ದೊಡ್ಡ ಕಟ್ಟಡ, ಅಗಲ ರಸ್ತೆ. ಕೊಳ್ಳುವವರು ಯಾರು ಅಂತ ಅವನಿಗೆ ಗೊತ್ತಿತ್ತು.

ಮಳೆಹನಿ
ಹಗಲುವೇಷ, ಡೇನಿಯಲ್ ಚಿತ್ರಗಳಲ್ಲೂ ಮುಂಭಾಗದ ರಸ್ತೆ ತುಂಬ ಇಲ್ಲಿನ ಜನ ಇದ್ದಾರಲ್ಲ. ಪಲ್ಲಕ್ಕಿ ಹೊರುವವರು, ನಡೆದು ಹೋಗುವವರು.

ಹಗಲುವೇಷ
ಇದ್ದಾರೆ. ಕಟ್ಟಡ ಎಷ್ಟು ದೊಡ್ಡದು ಅಂತ ತೋರಿಸೋಕೆ ಇದ್ದಾರೆ. ಮುಖ ನೆನಪಿರುತ್ತಾ ಒಬ್ಬರದಾದರೂ? ಪಟವರ್ಧನ್ ಚಿತ್ರದಲ್ಲಿ ಮನುಷ್ಯ ಮೊದಲು, ಕಟ್ಟಡ ಆಮೇಲೆ.

ಬಣ್ಣದಡಬ್ಬಿ
ನೀವೆಲ್ಲ ಮ್ಯೂಸಿಯಂ ಒಳಗೇ ಸುತ್ತುತ್ತಿದ್ದೀರಿ. ಬೀದಿ ಗೋಡೆಯ ಮೇಲಿನ ಚಿತ್ರ ನಗರದ ಕಲೆ ಅಲ್ವಾ? ಮತ್ತೆ ಅದನ್ನು ಮ್ಯೂಸಿಯಂಗೆ ತಂದರೆ ಏನಾಗುತ್ತೆ ಅನ್ನೋದಕ್ಕೆ ಬೊಲೊನ್ಯಾ ಸಾಕು.

2016ರಲ್ಲಿ ಅಲ್ಲಿನ ನಗರ ಇತಿಹಾಸದ ಮ್ಯೂಸಿಯಂನಲ್ಲಿ ಬೀದಿಕಲೆಯ ದೊಡ್ಡ ಪ್ರದರ್ಶನ ಏರ್ಪಡಿಸಿದರು. ಅದಕ್ಕಾಗಿ ಕೆಲವು ಚಿತ್ರಗಳನ್ನು ಗೋಡೆಯಿಂದಲೇ ಕಿತ್ತು ತಂದರು, ಬಿಡಿಸಿದವರನ್ನು ಕೇಳಲೂ ಇಲ್ಲ. ಬ್ಲೂ ಅನ್ನೋ ಹೆಸರಿನ ಕಲಾವಿದ ಏನು ಮಾಡಿದ ಗೊತ್ತಾ? ಪ್ರದರ್ಶನ ಶುರುವಾಗುವ ಮೊದಲು ಮಾರ್ಚ್‌ನಲ್ಲಿ, ಆ ಊರಲ್ಲಿ ಇಪ್ಪತ್ತು ವರ್ಷ ತಾನೇ ಬಿಡಿಸಿದ್ದ ಗೋಡೆಚಿತ್ರಗಳ ಮೇಲೆಲ್ಲ ಬೂದು ಬಣ್ಣ ಬಳಿದ. ಊರಿನ ಯುವಕರು ಬಕೆಟ್ ಹಿಡಿದು ಕೈ ಜೋಡಿಸಿದರು.

ಬರ್ಲಿನ್‌ನಲ್ಲಿ 2014ರ ಡಿಸೆಂಬರಿನಲ್ಲಿ ಅವನದೇ ಎರಡು ಬೃಹತ್ ಗೋಡೆಚಿತ್ರಗಳಿಗೆ ಅವನ ಒಪ್ಪಿಗೆಯಿಂದಲೇ ಕಪ್ಪು ಬಳಿದಿದ್ದರು. ಆ ಚಿತ್ರಗಳಿಂದ ಬಡಾವಣೆಗೆ ಹೆಸರು ಬಂತು, ಹೆಸರಿನಿಂದ ಬಾಡಿಗೆ ಏರಿತು, ಏರಿದ ಬಾಡಿಗೆ ಕಟ್ಟಲಾಗದೆ ಇದ್ದವರು ಹೊರಟರು. ಬದಲಾದ ನಗರವನ್ನು ಕಲೆ ತೋರಿಸುತ್ತೆ ಅಂತ ಎಲ್ಲರೂ ಹೇಳ್ತಿದ್ದೀರಿ. ಇಲ್ಲಿ ಕಲೆಯೇ ನಗರವನ್ನು ಬದಲಾಯಿಸಿತು.

ಕುಂಚಬಣ್ಣ
ಓದಿ ಸಂಕಟ ಆಯಿತು. ಇಪ್ಪತ್ತು ವರ್ಷದ ಕೆಲಸ! ಅದನ್ನು ನೋಡಿ ಬೆಳೆದ ಮ‍ಕ್ಕಳಿಗೆ ಅದು ಅವರದೂ ಹೌದಲ್ವಾ? ಅಳಿಸೋ ಹಕ್ಕು ಬಿಡಿಸಿದವನಿಗೆ ಮಾತ್ರ ಇದೆಯಾ?

ಬಣ್ಣದಡಬ್ಬಿ
ಕಿತ್ತು ತರೋ ಹಕ್ಕು ಮ್ಯೂಸಿಯಂಗೆ ಇದೆಯಾ, ಮೊದಲು ಅದು ಹೇಳಿ.

ಇಟ್ಟಿಗೆಗೂಡು
ಕೆಡವಲು ಹೊರಟ ಕಟ್ಟಡದ ಗೋಡೆಯಾದರೆ? ಹಾಗೇ ಬಿಟ್ಟರೆ ಹೇಗೂ ಹೋಗುತ್ತೆ. ಬೊಲೊನ್ಯಾದಲ್ಲಿ ಏರ್ಪಡಿಸಿದವರೂ ಇದನ್ನೇ ಹೇಳಿದ್ದರು, ಉಳಿಸೋಕೆ ತಂದೆವು ಅಂತ. ತುಂಡು ಗೋಡೆಯಾದರೂ ಉಳಿಯಲಿ ಅನ್ನೋದು ನನ್ನ ಅಭಿಪ್ರಾಯ. ಕೆಡವಿದ ಮೇಲೆ ನೆನಪಿಗೂ ಏನೂ ಸಿಗದ ಕಟ್ಟಡಗಳನ್ನು ಕೆಲಸದಲ್ಲಿ ದಿನಾ ನೋಡ್ತೀನಿ.

ಬಣ್ಣದಡಬ್ಬಿ
ಬಿಡಿಸಿದವರನ್ನು ಕೇಳಿ ತನ್ನಿ, ಟಿಕೆಟ್ ಇಲ್ಲದೆ ತೋರಿಸಿ. ಆಮೇಲೆ ಮಾತಾಡೋಣ.

ಕಪ್ಪುಬಿಳುಪು
ಫಲಕಗಳ ವಿಷಯಕ್ಕೆ ಬರ್ತೀನಿ, ಯಾಕಂದ್ರೆ ಮೊಗಸಾಲೆಯವರ ತಕರಾರಿಗೆ ಮದ್ದು ಅಲ್ಲೇ ಇರೋದು. ಬೆರೆನಿಸ್ ಆಬಟ್ 1935ರಿಂದ ಸರ್ಕಾರಿ ಯೋಜನೆಯಡಿ ಬದಲಾಗುತ್ತಿದ್ದ ನ್ಯೂಯಾರ್ಕನ್ನು ಫೋಟೊ ತೆಗೆದಳು. ನಗರದ ಮ್ಯೂಸಿಯಂನಲ್ಲಿ 1937ರಲ್ಲಿ ಪ್ರದರ್ಶನ ಆಯಿತು, 1939ರಲ್ಲಿ ಪುಸ್ತಕ ಬಂತು. ಅವಳ ಸಂಗಾತಿ, ಕಲಾ ವಿಮರ್ಶಕಿ ಎಲಿಜಬೆತ್ ಮೆಕಾಸ್‌ಲ್ಯಾಂಡ್, ಒಂದೊಂದು ಚಿತ್ರಕ್ಕೂ ಬರಹ ಬರೆದಿದ್ದಳು. ಪ್ರಕಾಶಕರು ಅದನ್ನು ಕತ್ತರಿಸಿ ಪ್ರವಾಸಿಗರ ಕೈಪಿಡಿಯ ಹಾಗೆ ಮಾಡಿಬಿಟ್ಟರು. ಫೋಟೊ ಅದೇ. ಕೆಳಗಿನ ನಾಲ್ಕು ಸಾಲು ಬದಲಾದ ಕೂಡಲೆ ವಾದ ಹೋಗಿ ಊರು ನೋಡುವ ಪಟ್ಟಿಯಾಯಿತು.

ಇದಕ್ಕೆ ವಿರುದ್ಧ ಉದಾಹರಣೆ ಜೇಕಬ್ ಲಾರೆನ್ಸ್. ಅಮೆರಿಕದ ದಕ್ಷಿಣದಿಂದ ಉತ್ತರದ ನಗರಗಳಿಗೆ ವಲಸೆ ಹೋದ ಕಪ್ಪು ಜನರ ಕಥೆಯನ್ನು 1940–41ರಲ್ಲಿ 60 ಚಿಕ್ಕ ಹಲಗೆಗಳಲ್ಲಿ ಬಿಡಿಸಿದ. ಪ್ರತಿಯೊಂದಕ್ಕೂ ಸಾಲು ಅವನದೇ. ಗ್ರಂಥಾಲಯದಲ್ಲಿ ಕೂತು ಓದಿ, ಮೊದಲು ಮಾತು ಬರೆದು ಆಮೇಲೆ ಬಣ್ಣ ಹಚ್ಚಿದ. ಈಗ ಅರ್ಧ ಹಲಗೆಗಳು ನ್ಯೂಯಾರ್ಕಿನಲ್ಲಿ, ಅರ್ಧ ವಾಷಿಂಗ್ಟನ್‌ನಲ್ಲಿ. ಆ ಸಾಲುಗಳನ್ನು ಬಿಟ್ಟು ಯಾರೂ ಅವನ್ನು ತೂಗುಹಾಕಲ್ಲ.

ದಾರಿಹೋಕ
ಫಲಕದ ಅಕ್ಷರ ದೊಡ್ಡದಿರಲಿ ಅಂತಲೂ ಯಾರಾದರೂ ಹೇಳಿ ಸ್ವಾಮಿ. ಮಂಡಿಯ ಮಟ್ಟಕ್ಕೆ, ಬೂದು ಗೋಡೆ ಮೇಲೆ ಬಿಳಿ ಅಕ್ಷರದಲ್ಲಿ ಇರುತ್ತೆ. ಕೂರೋಕೆ ಒಂದು ಬೆಂಚೂ ಇರಲ್ಲ.

ಗೋಡೆಗಡಿಯಾರ
ಬೆಂಚಿನ ಮಾತಿಗೆ ನನ್ನದೂ ಸಹಿ. ನಮ್ಮ ತಾಯಿಗೆ ಜಾಸ್ತಿ ಹೊತ್ತು ನಿಲ್ಲೋಕೆ ಆಗಲ್ಲ. ಎರಡು ಕೋಣೆ ನೋಡಿ ಹೊರಗೆ ಬಂದುಬಿಡ್ತಾರೆ.

ಮೊಗಸಾಲೆ
ಲಾರೆನ್ಸ್ ಉದಾಹರಣೆ ತುಂಬ ಹಿಡಿಸಿತು. ಆದ್ರೆ ನೂರಾರು ವರ್ಷ ಹಿಂದಿನ ಚಿತ್ರಕಾರರು ಸಾಲು ಬರೆದಿಟ್ಟು ಹೋಗಿಲ್ಲವಲ್ಲ. ಅವರ ಪರವಾಗಿ ನಾವು ಬರೆದರೆ ನಮ್ಮ ಕಾಲದ ಜಗಳಗಳನ್ನು ಅವರ ಮೇಲೆ ಹೇರಿದ ಹಾಗೆ ಆಗಲ್ವಾ? ಕುಂಚಬಣ್ಣ ಅವರು ಹೇಳಿದ್ದು ಅದೇ ಅನ್ಸುತ್ತೆ.

ಅಲೆಅಲೆ
ನೋಡಿದವರು ಬರೆದಿಟ್ಟು ಹೋದ ಒಂದು ಚಿತ್ರ ಇದೆ. ಚೀನಾದ ಝಾಂಗ್ ಝೆದುವಾನ್ ಬಿಡಿಸಿದ ಉದ್ದನೆ ಸುರುಳಿ, 12ನೇ ಶತಮಾನದ ಶುರುವಿನದು. ಎತ್ತರ 25 ಸೆಂಟಿಮೀಟರ್ ಕೂಡ ಇಲ್ಲ, ಉದ್ದ ಐದು ಮೀಟರಿಗೂ ಜಾಸ್ತಿ. ಆಗಿನ ರಾಜಧಾನಿಯ ಹೊರವಲಯದಿಂದ ಶುರುವಾಗಿ ಸೇತುವೆ ದಾಟಿ ನಗರದ್ವಾರದ ಒಳಗೆ ಹೋಗುತ್ತೆ. ಸೇತುವೆ ಹತ್ತಿರ ಒಂದು ದೋಣಿ ಇದೆ. ಹಾಯಿ ಕಟ್ಟುವ ಕೂವೆಮರ ಪೂರ್ತಿ ಇಳಿದಿಲ್ಲ, ದೋಣಿ ಸೇತುವೆಗೆ ಬಡಿಯೋದರಲ್ಲಿದೆ. ದೋಣಿಯವರು ಕೂಗುತ್ತಿದ್ದಾರೆ, ಮೇಲಿನಿಂದ ಯಾರೋ ಹಗ್ಗ ಎಸೆಯುತ್ತಿದ್ದಾರೆ, ಸೇತುವೆಯ ಮೇಲಿನ ಜನ ಎಲ್ಲ ಕಟಾಂಜನಕ್ಕೆ ಒತ್ತಿಕೊಂಡು ಬಗ್ಗಿ ನೋಡುತ್ತಿದ್ದಾರೆ. ದುಡಿಯುವ ಜನ ಕಾಣಲ್ಲ ಅಂದ್ರಲ್ಲ, ಇಲ್ಲಿ ಕಾಣೋದೆಲ್ಲ ಅವರೇ.

1127ರಲ್ಲಿ ಆ ರಾಜಧಾನಿ ಉತ್ತರದ ಜಿನ್ ರಾಜ್ಯದ ಸೇನೆಯ ಕೈಗೆ ಬಿತ್ತು. ಸುರುಳಿಯ ಕೊನೆಗೆ ನೋಡಿದವರ ಟಿಪ್ಪಣಿಗಳಿವೆ. ಎಲ್ಲಕ್ಕಿಂತ ಹಳೆಯದು 1186ರದ್ದು. ಬಿಡಿಸಿದವನ ಹೆಸರು ನಮಗೆ ಗೊತ್ತಾಗಿದ್ದೇ ಆ ಟಿಪ್ಪಣಿಯಿಂದ. ಆಮೇಲಿನ ಶತಮಾನಗಳಲ್ಲಿ ಒಬ್ಬರ ನಂತರ ಒಬ್ಬರು ತಮ್ಮ ಮಾತು ಸೇರಿಸುತ್ತಾ ಹೋದರು. ಪ್ರತಿಯೊಂದಕ್ಕೂ ಬರೆದವರ ಹೆಸರಿದೆ, ಎಷ್ಟೋ ಕಡೆ ಇಸವಿಯೂ ಇದೆ. ಯಾವ ಕಾಲದವರು ಯಾವ ಕಣ್ಣಿನಿಂದ ನೋಡಿದರು ಅಂತ ಗೊತ್ತಾಗುತ್ತೆ. ಮ್ಯೂಸಿಯಂ ಫಲಕವೂ ಹಾಗೇ ಇರಲಿ. ಬರೆದವರ ಹೆಸರು ಹಾಕಲಿ, ಇಸವಿ ಹಾಕಲಿ. ಆಗ ಅದು ಚಿತ್ರಕಾರನ ಮೇಲೆ ಹೇರಿದ್ದಾಗಲ್ಲ, ಒಬ್ಬರ ಅಭಿಪ್ರಾಯ ಅಂತ ಎಲ್ಲರಿಗೂ ಗೊತ್ತಿರುತ್ತೆ.

ಕುಂಚಬಣ್ಣ
ಇದಕ್ಕೆ ನಾನೂ ಒಪ್ಪುತ್ತೀನಿ. ಹೆಸರಿಲ್ಲದ ಫಲಕ ತೀರ್ಪು ಕೊಟ್ಟ ಹಾಗೆ ಇರುತ್ತೆ.

ನಕ್ಷೆಗಾರ
ಆ ಸುರುಳಿಯ ಊರು ನಿಜವಾದ ರಾಜಧಾನಿಯೋ, ಕಲ್ಪಿಸಿಕೊಂಡ ಆದರ್ಶ ನಗರವೋ ಅಂತ ಇನ್ನೂ ವಾದ ಇದೆ, ಅಲ್ವಾ?

ಅಲೆಅಲೆ
ಇದೆ. ಇಂಥದ್ದೇ ದ್ವಾರ, ಇಂಥದ್ದೇ ಸೇತುವೆ ಅಂತ ಖಚಿತವಾಗಿ ಹೇಳುವಂಥ ಗುರುತು ಕಡಿಮೆ. ಆದ್ರೆ ದೋಣಿ ಕಟ್ಟಿದ ರೀತಿ, ಸೇತುವೆಯ ಮರದ ಜೋಡಣೆ ಇವೆಲ್ಲ ಎಷ್ಟು ಸರಿಯಾಗಿವೆ ಅಂದ್ರೆ, ಆ ಥರದ ಸೇತುವೆ ಹೇಗೆ ನಿಲ್ಲುತ್ತಿತ್ತು ಅಂತ ಎಂಜಿನಿಯರುಗಳು ಇದನ್ನೇ ನೋಡಿ ಕಲಿತಿದ್ದಾರೆ. ಇಟ್ಟಿಗೆಗೂಡು ಅವರು ಒಮ್ಮೆ ನೋಡಬೇಕು.

ಇಟ್ಟಿಗೆಗೂಡು
ನೋಡಿದೆ ಈಗ. ನಡುವೆ ಕಂಬವೇ ಇಲ್ಲದೆ ತೊಲೆಗಳನ್ನು ಒಂದರೊಳಗೊಂದು ಹೆಣೆದು ದಾಟಿಸಿದ್ದಾರೆ. ದೋಣಿಗೆ ಕಂಬ ಅಡ್ಡ ಬರಬಾರದು ಅಂತಲೇ ಹಾಗೆ ಕಟ್ಟಿರಬೇಕು. ಮೂಲ ಎಲ್ಲಿದೆ, ಹೋದರೆ ನೋಡೋಕೆ ಸಿಗುತ್ತಾ?

ಅಲೆಅಲೆ
ಬೀಜಿಂಗ್‌ನ ಅರಮನೆ ಮ್ಯೂಸಿಯಂನಲ್ಲಿದೆ. ರೇಷ್ಮೆ ಬಟ್ಟೆ ತುಂಬ ಹಳೆಯದು, ಬೆಳಕು ತಾಗಬಾರದು ಅಂತ ಅಪರೂಪಕ್ಕೆ ಮಾತ್ರ ಹೊರಗೆ ತೆಗೆಯುತ್ತಾರೆ. 2015ರಲ್ಲಿ ತೆಗೆದಾಗ ಜನ ಗಂಟೆಗಟ್ಟಲೆ ಸಾಲಿನಲ್ಲಿ ನಿಂತಿದ್ದರು. ದೊಡ್ಡ ಅಳತೆಯ ಡಿಜಿಟಲ್ ಪ್ರತಿ ನೆಟ್‌ನಲ್ಲಿ ಸಿಗುತ್ತೆ. ಬಲಗಡೆಯಿಂದ ಎಡಕ್ಕೆ ಸರಿಸಿಕೊಂಡು ನೋಡಿ, ಸುರುಳಿ ಬಿಚ್ಚುವ ದಿಕ್ಕು ಅದು.